ಕತ್ತಿ, ಮಾಂತ್ರಿಕ ಮತ್ತು ಚಂದಮಾಮ

ಕತ್ತಿ ಹಿಡಿದ ಒಬ್ಬ ಯುವಕ, ಬೂದಿ ಬಳಿದ ಒಬ್ಬ ಮಾಂತ್ರಿಕ, ನಡುವೆ ಒಂದು ಪಾಳುಗುಡಿ. ಇಷ್ಟಿದ್ದರೆ ಕಥೆ ತಾನಾಗಿಯೇ ಓಡುತ್ತದೆ. ಅಮೆರಿಕದಲ್ಲಿ ಈ ಜಾತಿಯ ಕಥೆಗೆ ಹೆಸರು ತಂದವನು ಟೆಕ್ಸಸ್‌ನ ರಾಬರ್ಟ್ ಇ. ಹೋವರ್ಡ್. ಅವನ ವೀರ ಕೋನನ್ ಮೊದಲು ಕಾಣಿಸಿಕೊಂಡಿದ್ದು 1932ರಲ್ಲಿ, 'ವಿಯರ್ಡ್ ಟೇಲ್ಸ್' ಎಂಬ ಅಗ್ಗದ ಕಾಗದದ ಪತ್ರಿಕೆಯಲ್ಲಿ. ನಾಲ್ಕೇ ವರ್ಷಕ್ಕೆ, ಮೂವತ್ತರ ಪ್ರಾಯದಲ್ಲಿ, ಹೋವರ್ಡ್ ತೀರಿಕೊಂಡ. ಆ ಕಥೆಗಳನ್ನು ಮಾರ್ವೆಲ್ ಕಂಪನಿ ಕಾಮಿಕ್ಸ್‌ಗೆ ಇಳಿಸಿದ್ದು 1970ರಲ್ಲಿ. ಬರವಣಿಗೆ ರಾಯ್ ಥಾಮಸ್‌ನದು, ಚಿತ್ರ ಬ್ಯಾರಿ ಸ್ಮಿತ್‌ನದು.

ಕನ್ನಡದ ಮಕ್ಕಳು ಅಷ್ಟು ದಿನ ಕಾಯಬೇಕಾಗಿ ಬರಲಿಲ್ಲ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದ್ರಾಸಿನಿಂದ ಹೊರಡಿಸಿದ ಮಕ್ಕಳ ಮಾಸಪತ್ರಿಕೆ 'ಚಂದಮಾಮ' ಮೊದಲು ತೆಲುಗು, ತಮಿಳಿನಲ್ಲಿ ಬಂತು. 1949ರಲ್ಲಿ ಕನ್ನಡಕ್ಕೂ ಬಂತು. ಅದನ್ನು ಕಾಮಿಕ್ಸ್ ಎನ್ನಲಾಗದು, ಮಾತಿನ ಗುಳ್ಳೆಗಳಿಲ್ಲ, ಚೌಕಗಳಿಲ್ಲ. ಆದರೆ ಪುಟಪುಟಕ್ಕೂ ಚಿತ್ರ. ಓದಲು ಬಾರದ ತಮ್ಮನೂ ಮಗ್ಗುಲಲ್ಲಿ ಕೂತು ಚಿತ್ರದಿಂದ ಚಿತ್ರಕ್ಕೆ ಕಥೆ ಹಿಡಿಯುತ್ತಿದ್ದ.

ಅದರಲ್ಲಿ ಬರುತ್ತಿದ್ದ ಸಾಹಸ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. ತೆಲುಗಿನಲ್ಲಿ 1954ರಲ್ಲಿ 'ತೋಕಚುಕ್ಕ'ದಿಂದ ಶುರುಮಾಡಿ ಎರಡು ದಶಕಕ್ಕೂ ಮೀರಿ ಒಂದರ ಹಿಂದೊಂದು ಬರೆದರು. ಪತ್ರಿಕೆಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ! 'ಯಕ್ಷಪರ್ವತ'ದ ಖಡ್ಗವರ್ಮ, ಜೀವದತ್ತರು ಜೋಡಿ ನಾಯಕರು. 'ಶಿಥಿಲಾಲಯ'ದಲ್ಲಿ ಶಿಖಿಮುಖಿ, ವಿಕ್ರಮಕೇಸರಿ. ನಾಯಕ ಎಂದೂ ಒಬ್ಬಂಟಿಯಲ್ಲ. ಕೋನನ್‌ಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗನ್ನಿಸುತ್ತದೆ. ಅವನು ದೋಚಿ, ಕುಡಿದು, ಮುಂದಿನ ಊರಿಗೆ ಹೊರಟುಬಿಡುವವ. ಇವರು ಕೊಟ್ಟ ಮಾತಿಗಾಗಿ ಕಾಡು ಹೊಕ್ಕವರು. ಕಾಡಿನ ಜನ, ಮರೆತುಹೋದ ಗುಡಿ, ಒಳಗೆ ನಿಧಿ: ಇದಕ್ಕೆಲ್ಲ ರೈಡರ್ ಹ್ಯಾಗಾರ್ಡ್‌ನ ಕಾದಂಬರಿಗಳ ವಾಸನೆ ಸ್ವಲ್ಪ ಇದೆ. ಇರಲಿ, ಮಾಂತ್ರಿಕರು ಮಾತ್ರ ಅಪ್ಪಟ ನಮ್ಮವರು.

ಚಿತ್ರ ಬಿಡಿಸುತ್ತಿದ್ದವರು 'ಚಿತ್ರಾ' ಎಂದು ಸಹಿ ಮಾಡುತ್ತಿದ್ದ ಟಿ.ವಿ. ರಾಘವನ್. ಅವರ ಪುಟ ತೆರೆದು ನೋಡಿ. ಹಿಂದೆ ಬಂಡೆ, ಬಂಡೆಯ ಮೇಲೆ ಬೇರು ಬಿಟ್ಟ ಮರ, ಮರದ ಸಂದಿನಲ್ಲಿ ಬಿಲ್ಲು ಹಿಡಿದವನ ಅರ್ಧ ಮುಖ. ಎದುರಿಗೆ ಬಾಯಿ ತೆರೆದ ಮೃಗ. ಏಟು ಬೀಳುವ ಮುಂಚಿನ ಗಳಿಗೆಗೇ ಚಿತ್ರ ನಿಂತುಬಿಡುತ್ತದೆ, ಉಳಿದದ್ದು ಮುಂದಿನ ತಿಂಗಳಿಗೆ. ಬೇತಾಳ ಕಥೆಗೆ ಕತ್ತಿ ಹಿರಿದು ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನನ್ನು ಕೊಟ್ಟವರು ಶಂಕರ್. 2020ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮಶ್ರೀ ಬಂತು. ಮುಖಪುಟದ ಮಹಾಭಾರತ ಚಿತ್ರಗಳಿಂದ ಹೆಸರಾದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು.

ಯಾದಗಿರಿ, ಶಹಾಪುರ, ಸುರಪುರಗಳ ಸಗರನಾಡಿನ ಓದುಗನಿಗೆ 'ಚಿತ್ರಾ' ಬಿಡಿಸಿದ ಆ ಬಂಡೆಗಳು ಕಲ್ಪನೆಯವು ಎನ್ನಿಸುವುದು ಕಷ್ಟ. ಯಾದಗಿರಿಯಲ್ಲಿ ಊರಿನ ತಲೆಯ ಮೇಲೇ ಕೋಟೆ. ಶಹಾಪುರದ ಗುಡ್ಡಸಾಲು ದೂರದಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯ. ಮಲಗಿದ ಬುದ್ಧ ಅಂತಲೇ ಹೆಸರು. ಸುರಪುರದ ಬೇಡ ನಾಯಕರು 1705ರಲ್ಲಿ ವಾಗಿನಗೇರಾ ಕೋಟೆಯಲ್ಲಿ ಔರಂಗಜೇಬನ ಸೈನ್ಯವನ್ನೇ ತಡೆದು ನಿಲ್ಲಿಸಿದ್ದರು. ಮುದುಕ ಬಾದಶಹ ಖುದ್ದಾಗಿ ಬಂದಿದ್ದ. ಅದೇ ಅವನ ಕೊನೆಯ ದೊಡ್ಡ ಮುತ್ತಿಗೆ.

ಕತ್ತಿ ಆಯಿತು. ಮಂತ್ರವೋ? ಅದಕ್ಕೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಹೋಗಬೇಕು. ಫಿಲಿಪ್ ಮೆಡೋಸ್ ಟೇಲರ್ 'ಕನ್ಫೆಷನ್ಸ್ ಆಫ್ ಎ ಥಗ್' ಬರೆದು 1839ರಲ್ಲೇ ಲಂಡನ್ನಿನಲ್ಲಿ ಹೆಸರು ಮಾಡಿದವ. ಆಮೇಲೆ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸುರಪುರದ ಆಡಳಿತ ನಡೆಸಿದ, 1853ರವರೆಗೂ ಇಲ್ಲೇ ಇದ್ದ. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದನಂತೆ. ಟೇಲರನ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ: ರಾಣಿ ಈಶ್ವರಮ್ಮ ಮಗನ ಜಾತಕವನ್ನು ಗುಟ್ಟಾಗಿ ತಿಳಿಸುತ್ತಾಳೆ, ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದು. 1858ರಲ್ಲಿ ಬ್ರಿಟಿಷರ ಮೇಲೆ ಎದ್ದ ರಾಜ ಸೆರೆಯಾದ. ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ನಾಲ್ಕು ವರ್ಷದ ಸೆರೆ ಎಂದು ಶಿಕ್ಷೆ ಇಳಿಯಿತು. ಜೀವ ಉಳಿಯಿತು ಎನ್ನುವಷ್ಟರಲ್ಲಿ, ಮದ್ರಾಸಿನ ಕಡೆಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲು ಕೈಗೆ ಸಿಕ್ಕಿ, ಅದರ ಗುಂಡಿಗೆ ಸತ್ತ. ವಯಸ್ಸು ಇಪ್ಪತ್ನಾಲ್ಕು.

ದಾಸರಿಯವರ ಧಾರಾವಾಹಿಯಾಗಿದ್ದರೆ ಜಾತಕ ಬರೆದವನೇ ಮಾಂತ್ರಿಕನಾಗಿರುತ್ತಿದ್ದ, ನಾಯಕ ಕೊನೆಯ ಕಂತಿನಲ್ಲಿ ಅವನನ್ನು ಮಣಿಸುತ್ತಿದ್ದ. ರಾಜನ ಈ ಕಥೆಯನ್ನು ಚಿತ್ರಕಥೆ ಮಾಡಿದವರನ್ನು ನಾನು ಕಂಡಿಲ್ಲ. ಮಾಡಹೊರಟವರು ಒಂದು ಎಚ್ಚರ ಇಟ್ಟುಕೊಳ್ಳಲಿ. ಜಾತಕದ ಕಥೆಗೆ ಸಾಕ್ಷಿ ಟೇಲರನೇ, ಅವನು ನುರಿತ ಕಾದಂಬರಿಕಾರ. ಆ ಆತ್ಮಕಥೆ ಅಚ್ಚಾದದ್ದು ರಾಜ ಸತ್ತು ಹತ್ತೊಂಬತ್ತು ವರ್ಷದ ನಂತರ. ಸಾವನ್ನು ಮೊದಲೇ ವಿಧಿಯ ಲೆಕ್ಕಕ್ಕೆ ಬರೆದುಬಿಟ್ಟರೆ, ಆ ಪಿಸ್ತೂಲು ಕೈದಿಯ ಕೈಗೆಟುಕುವ ಹಾಗೆ ಇಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.