ಚಂಡೆ ಗೆದ್ದಿತೋ, ಗಿಟಾರ್ ಗೆದ್ದಿತೋ?

ಗಾಂಧಿನಗರದಲ್ಲಿ ಈಗ ಕರಾವಳಿಯ ಪೆಟ್ಟಿಗೆ ಭಾರೀ ಡಿಮ್ಯಾಂಡು! ಪೆಟ್ಟು ಅಂದರೆ ಫೈಟ್ ಮಾಸ್ಟರ್ ಕೊಡಿಸುವ ಪೆಟ್ಟಲ್ಲ ಸ್ವಾಮಿ, ಚಂಡೆಯ ಪೆಟ್ಟು! 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಗೆ ಬಂದದ್ದೇ ಬಂದದ್ದು, ನಮ್ಮ ಕಡೆಯ ವಾದ್ಯಗಳಿಗೆ ಶುಕ್ರದೆಸೆ ಶುರುವಾಯಿತು. ಕುಂದಾಪುರ ತಾಲೂಕಿನ ಕೆರಾಡಿಯ ರಿಷಬ್ ಶೆಟ್ಟಿ ತೆರೆಯ ಮೇಲೆ ಕೂಗು ಹಾಕಿದರೆ, ತೆರೆಯ ಹಿಂದೆ ಅಜನೀಶ್ ಲೋಕನಾಥ್ ಸಂಗೀತ. ‘ಸಿಂಗಾರ ಸಿರಿಯೆ’ ಹಾಡು ಬರೆದವರು ಬೈಂದೂರು ಕಡೆಯ ಮರವಂತೆಯ ಪ್ರಮೋದ್ ಮರವಂತೆ. ಇನ್ನು ‘ಕೆ.ಜಿ.ಎಫ್.’ ಚಿತ್ರದ ರವಿ ಬಸ್ರೂರು ಯಾರೆಂದು ಹೇಳಬೇಕಾಗಿಲ್ಲ, ಊರಿನ ಹೆಸರನ್ನೇ ಬೆನ್ನಿಗೆ ಕಟ್ಟಿಕೊಂಡು ಓಡಾಡುವ ಮನುಷ್ಯ!

ಈಗ ನನ್ನ ಪ್ರಶ್ನೆ. ಒಂದು ಕಡೆ ಬಡಗುತಿಟ್ಟಿನ ಚಂಡೆ, ಕುಡುಬಿಯರ ಹೋಳಿ ಕುಣಿತದ ಗುಮಟೆ. ಇನ್ನೊಂದು ಕಡೆ ಕಿರುಚುವ ಎಲೆಕ್ಟ್ರಿಕ್ ಗಿಟಾರ್, ಎದೆ ನಡುಗಿಸುವ ಡ್ರಮ್ಸ್. ಇವೆಲ್ಲ ಒಂದೇ ಹಾಡಿನಲ್ಲಿ ಜಗಳವಾಡದೆ ಇರುವುದು ಹೇಗೆ? ರಾಗ ಹಾಕಿದವರ ಹೆಸರು ನಮಗೆ ಗೊತ್ತು, ಹಾಡಿದವರ ಹೆಸರು ಗೊತ್ತು. ಆದರೆ ಈ ಜಗಳ ಬಿಡಿಸುವವನು ಯಾರು? ಅವನೇ ಮಿಕ್ಸಿಂಗ್ ಇಂಜಿನಿಯರ್. ಅವನ ಕೆಲಸ ಕಣ್ಣಾರೆ ನೋಡಬೇಕೆಂದು ಕುಂದಾಪುರದ ಹತ್ತಿರ ಒಂದು ಪುಟ್ಟ ರೂಮಿನಲ್ಲಿ ಎರಡು ದಿನ ಕೂತೆ. ಹುಡುಗ, “ಹಾಡು ಬಿಡುಗಡೆ ಆಗುವ ತನಕ ಹೆಸರು ಹಾಕಬೇಡಿ” ಅಂದ. ಮಾತು ಕೊಟ್ಟಿದ್ದೇನೆ, ಹಾಕುವುದಿಲ್ಲ.

ಟೇಪಿನಿಂದ ಪರದೆಗೆ

ಅದೊಂದು ಕಾಲವಿತ್ತು. ಕನ್ನಡ ಹಾಡಿನ ಧ್ವನಿಮುದ್ರಣ ಎಂದರೆ ಮದರಾಸಿನ ರೈಲು ಹತ್ತಬೇಕಿತ್ತು. ಗಾಯಕರು, ಪಿಟೀಲಿನವರು, ತಬಲದವರು ಎಲ್ಲರೂ ಒಂದೇ ಹಾಲಿನಲ್ಲಿ, ಒಂದೇ ಉಸಿರಿನಲ್ಲಿ ಮುಗಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ! 80ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ದು ಈ ಪರದಾಟ ತಪ್ಪಲೆಂದೇ.

ಈಗ ಟೇಪು ಹೋಗಿ ಪರದೆ ಬಂದಿದೆ. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ ‘ಕ್ಯೂಬೇಸ್’, 1991ರಲ್ಲಿ ಅಮೆರಿಕದ ‘ಪ್ರೊ ಟೂಲ್ಸ್’. ಇಂಥ ಸಾಫ್ಟ್‌ವೇರಿಗೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಎಂದು ಉದ್ದನೆಯ ಹೆಸರು. ಹುಡುಗರ ಬಾಯಲ್ಲಿ ಬರೀ ‘ಡಾ’. ಪ್ರೊ ಟೂಲ್ಸ್ ಹುಟ್ಟಿದಾಗ ಅದರಲ್ಲಿ ಇದ್ದದ್ದು ಬರೇ 4 ಟ್ರ್ಯಾಕ್. ನಾನು ನೋಡಿದ ಈ ಒಂದು ಹಾಡಿಗೇ 38 ಟ್ರ್ಯಾಕ್! ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು, ಒಂದರ ಕೆಳಗೊಂದು. ಚಂಡೆಗೆ 2, ಗುಮಟೆಗೆ 2, ಮದ್ದಲೆಗೆ 2, ಗಿಟಾರಿಗೆ 6... ಹೀಗೆ.

ಇದರಿಂದಾದ ದೊಡ್ಡ ಲಾಭ ಏನು ಗೊತ್ತೇ? ಊರಲ್ಲೇ ಕೂತು ಕೆಲಸ ಮಾಡಬಹುದು. ರವಿ ಬಸ್ರೂರು 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ತಂದೆಯ ಕಸುಬಿಗೆ ಕೈ ಜೋಡಿಸಿದ ವಿಡಿಯೋ ನೀವೂ ನೋಡಿರುತ್ತೀರಿ. ಅವರು ಬಸ್ರೂರಿನಲ್ಲೇ ಸ್ಟುಡಿಯೋ ಮಾಡಿಕೊಂಡರು. ‘ಗರ್ಗರ್ ಮಂಡ್ಲ’, ‘ಬಿಲಿಂಡರ್’ ಎಂದು ಕುಂದಾಪ್ರ ಕನ್ನಡದಲ್ಲೇ ಚಿತ್ರ ಮಾಡಿದವರಿಗೆ ಊರಿನ ಸೆಳೆತ ಬಿಟ್ಟೀತೇ?

ಬಸ್ಸಿನ ಸೀಟಿನ ಲೆಕ್ಕ

ಮಿಕ್ಸಿಂಗ್ ಎಂದರೆ ಸೌಂಡು ಜಾಸ್ತಿ ಕಮ್ಮಿ ಮಾಡುವುದು ಎಂದಷ್ಟೇ ನಾನು ತಿಳಿದಿದ್ದೆ. ಹುಡುಗ ನಕ್ಕ. “ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ಅಂತ ತಿಳ್ಕೊಳ್ಳಿ ಸಾರ್. ಎಲ್ಲರೂ ಕಿಟಕಿ ಪಕ್ಕವೇ ಬೇಕು ಅಂದ್ರೆ ಆಗ್ತದಾ?” ಅಂದ.

ಅವನ ಲೆಕ್ಕ ಇದು. ಪ್ರತಿಯೊಂದು ವಾದ್ಯಕ್ಕೂ ಕಂಪನದ ಒಂದು ಜಾಗ ಇರುತ್ತದೆ. ಅದನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬೇಸ್ ಗಿಟಾರಿನ ತೀರಾ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಡ್ರಮ್ಸ್‌ನ ಕಿಕ್ 60ರ ಆಸುಪಾಸು. ಗುಮಟೆಯ ‘ಗುಂ’ ಎನ್ನುವ ಸದ್ದು ಅದರ ಸ್ವಲ್ಪ ಮೇಲೆ. ಮೂವರೂ ಒಂದೇ ಸೀಟಿಗೆ ಬಂದರೆ ಗಜಿಬಿಜಿ! ಹಾಗಾಗಿ ಈಕ್ವಲೈಸರ್ ಎಂಬ ಸಾಧನ ಹಿಡಿದು ಹುಡುಗ ಕಿಕ್‌ಗೆ 60 ಕೊಟ್ಟ, ಗುಮಟೆಗೆ 110 ಬಿಟ್ಟ, ಅಲ್ಲಿ ಬೇಸ್ ಗಿಟಾರನ್ನು ಸ್ವಲ್ಪ ತಗ್ಗಿಸಿದ. ಹಾಡಿನವಳ ಕಂಠಕ್ಕೆ 100ರ ಕೆಳಗೆ ಕೆಲಸವೇ ಇಲ್ಲ. ಅಲ್ಲಿದ್ದದ್ದು ಫ್ಯಾನಿನ ಗೊರಗೊರ, ಅದನ್ನು ಕತ್ತರಿಸಿ ಬಿಸಾಡಿದ.

ಅಂದ ಹಾಗೆ ಗುಮಟೆ ಮಣ್ಣಿನ ವಾದ್ಯ. ಒಂದು ಬಾಯಿಗೆ ಚರ್ಮ ಬಿಗಿದ ಮಡಕೆ. ಬಾರ್ಕೂರು, ಬ್ರಹ್ಮಾವರ ಕಡೆ ಹೋಳಿಗೆ ಕುಡುಬಿಯರ ಮನೆ ಅಂಗಳಕ್ಕೆ ಹೋದವರಿಗೆ ಗೊತ್ತು. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ಉಡ ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಮುಟ್ಟುವಂತಿಲ್ಲ. ಈ ಹಾಡಿನ ಗುಮಟೆಗೆ ಇದ್ದದ್ದು ಆಡಿನ ಚರ್ಮ.

ಏಳು ಮತ್ತು ನಾಲ್ಕರ ಜಟಾಪಟಿ

ಎರಡನೆಯ ತೊಂದರೆ ತಾಳದ್ದು. ರಾಕ್ ಡ್ರಮ್ಸ್‌ನವನಿಗೆ ನಾಲ್ಕೇ ಲೆಕ್ಕ. ಯಕ್ಷಗಾನದ ತ್ರಿವುಡೆ ತಾಳಕ್ಕೆ ಏಳಕ್ಷರ. ಇವರಿಬ್ಬರೂ ಕೂಡಿ ಬರುವುದು ಹೇಗೆ? ಶಾಲೆಯ ಗಣಿತ ನೆನಪು ಮಾಡಿಕೊಳ್ಳಿ. ನಾಲ್ಕೇಳ್ಲಿ 28, ಏಳ್ನಾಲ್ಕ್ಲಿ 28! ತ್ರಿವುಡೆ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಡ್ರಮ್ಸ್ ಏಳು ಸುತ್ತು ಮುಗಿಸಿರುತ್ತದೆ. ಆ 28 ಮುಗಿದು ಮತ್ತೆ ಒಂದಕ್ಕೆ ಬಿದ್ದಾಗ ಇಬ್ಬರ ಪೆಟ್ಟೂ ಒಟ್ಟಿಗೆ! ಕೇಳುವವನ ಮೈ ಜುಂ ಅನ್ನುವುದು ಅಲ್ಲೇ.

ಆದರೆ ಚಂಡೆಯವರು ಗಡಿಯಾರ ನೋಡಿ ಬಾರಿಸುವವರಲ್ಲ. ಮುಕ್ತಾಯ ಹತ್ತಿರ ಬಂದ ಹಾಗೆ ಕೈ ಓಡುತ್ತದೆ. ಈ ಹಾಡಿನಲ್ಲಿ ನಿಮಿಷಕ್ಕೆ 92 ಪೆಟ್ಟಿನ ವೇಗದಲ್ಲಿ ಶುರುವಾದದ್ದು ಕಡೆಗೆ 118 ಮುಟ್ಟಿತ್ತು. ಕಂಪ್ಯೂಟರಿನ ಟಿಕ್ ಟಿಕ್‌ಗೆ ಚಂಡೆಯನ್ನು ಎಳೆದು ಕೂರಿಸುವುದು ಸುಲಭ. ಹತ್ತು ನಿಮಿಷದ ಕೆಲಸ. ಆದರೆ ಹಾಗೆ ಮಾಡಿದರೆ ಚಂಡೆ ಸತ್ತ ಹಾಗೆ! ಹುಡುಗ ಮಾಡಿದ್ದು ಉಲ್ಟಾ. ಚಂಡೆಯ ಒಂದೊಂದು ಪೆಟ್ಟಿಗೂ ಗುರುತು ಹಾಕಿ, ಕಂಪ್ಯೂಟರಿನ ಗೆರೆಗಳೇ ಚಂಡೆಯ ಹಿಂದೆ ಓಡುವಂತೆ ಮಾಡಿದ. ಒಂದು ಇಡೀ ರಾತ್ರಿ ಹೋಯಿತು. ಆಮೇಲೆ ಡ್ರಮ್ಸ್‌ನವನನ್ನು ಕರೆಸಿ, “ಈಗ ಇದರ ಹಿಂದೆ ಬಾರಿಸು” ಅಂದ.

ಶ್ರುತಿಯೂ ಅಷ್ಟೇ. ಭಾಗವತರದ್ದು ಕಪ್ಪು ಮೂರು. ಗಿಟಾರಿನವನ ಭಾಷೆಯಲ್ಲಿ ಅದು ಎಫ್ ಶಾರ್ಪ್. ಕಂಪ್ಯೂಟರಿನಲ್ಲಿ ಭಾಗವತರ ಧ್ವನಿಯನ್ನೇ ಕೆಳಗಿಳಿಸಬಹುದಿತ್ತು. ಆದರೆ ಜೊತೆಗೆ ಅದೇ ಶ್ರುತಿಗೆ ಕಟ್ಟಿದ ಮದ್ದಲೆಯನ್ನೂ ಇಳಿಸಬೇಕು, ಆಗ ಅದು ಪ್ಲಾಸ್ಟಿಕ್ ಡಬ್ಬದ ಹಾಗೆ ಕೇಳುತ್ತದೆ. ಗಿಟಾರಿನವನೇ ಎರಡನೆಯ ಮನೆಗೆ ಕೇಪೋ ಹಾಕಿಕೊಂಡ, ಮುಗಿಯಿತು.

“ಕಾಂಬುಕ್ ಸಿಕ್ತ್, ಕೇಂಬುಕ್ ಸಿಕ್ತಿಲ್ಲೆ!”

ಎರಡನೆಯ ದಿನ ಸಂಜೆ ಚಂಡೆಯವರೇ ಬಂದರು. ಮೇಳದಲ್ಲಿ ಎಷ್ಟೋ ವರ್ಷ ತಿರುಗಾಟ ಮಾಡಿದ ಹಿರಿಯರು. ಹುಡುಗ ಖುಷಿಯಿಂದ ಹಾಡು ಹಾಕಿದ. ಅವರು ಕಣ್ಣು ಮುಚ್ಚಿ ಕೊನೆ ತನಕ ಕೇಳಿದರು.

“ಹಾಡ್ ಲಾಯ್ಕ್ ಇತ್ತ್ ಮಾಣಿ. ಆರೆ ನನ್ ಚಂಡಿ ಎಲ್ಲಿ?”

ಹುಡುಗ ಪರದೆಯ ಮೇಲೆ ಬೆರಳಿಟ್ಟ. “ಇಲ್ಲ್ ಇತ್ತಲೆ ಅಣ್ಣಾ, ಕಾಣಿ.”

“ಕಾಂಬುಕ್ ಸಿಕ್ತ್. ಕೇಂಬುಕ್ ಸಿಕ್ತಿಲ್ಲೆ!”

ರೂಮಿನಲ್ಲಿ ಎಲ್ಲರೂ ಸುಮ್ಮನಾದರು. ಹಿರಿಯರು ಕೋಪ ಮಾಡಿಕೊಳ್ಳಲಿಲ್ಲ. “ಬಯಲಾಟದಂಗೆ ಚಂಡಿ ಕೇಂಡ್ರೇ ಜನ ಮನೆಯಿಂದ ಹೊರ್ಟ್ ಬಪ್ಪುದ್” ಅಂದರು ಅಷ್ಟೇ. ಆ ಒಂದು ಮಾತು ಸಾಕಾಯಿತು. ಚಹಾ ತರಿಸಿ ಹುಡುಗ ಮತ್ತೆ ಕೂತ.

ಚಂಡೆ ಹೋದದ್ದೆಲ್ಲಿ? ಕಳ್ಳರು ಮೂವರು. ಒಂದನೆಯವನು ಕಂಪ್ರೆಸರ್. ಏರುವ ಸದ್ದನ್ನು ಅದುಮಿ ಸಮ ಮಾಡುವ ಸಾಧನ ಇದು. ಅದು 1 ಮಿಲಿಸೆಕೆಂಡಿನಲ್ಲೇ ಹಿಡಿಯುತ್ತಿತ್ತು. ಚಂಡೆಯ ಕೋಲು ಚರ್ಮಕ್ಕೆ ತಾಗುವ ಆ ಮೊದಲ ‘ಟಣ್’ ಹುಟ್ಟುವ ಮೊದಲೇ ಕುತ್ತಿಗೆಗೆ ಕೈ! ಅದನ್ನು 25 ಮಿಲಿಸೆಕೆಂಡಿಗೆ ತಡ ಮಾಡಿದ. ಪೆಟ್ಟು ಪೂರಾ ಹೊರಗೆ ಬಂತು. ಎರಡನೆಯವನು ಗಿಟಾರ್. ಚಂಡೆಯ ಚುರುಕು ಇರುವುದು 2ರಿಂದ 4 ಸಾವಿರ ಹರ್ಟ್ಸ್ ನಡುವೆ. ಗಿಟಾರಿನ ಹರಿತವೂ ಅಲ್ಲೇ. ಚಂಡೆ ಬಿದ್ದಾಗ ಮಾತ್ರ ಗಿಟಾರ್ ಆ ಜಾಗದಲ್ಲಿ 3 ಡೆಸಿಬೆಲ್ ತಗ್ಗಿ, ಕೂಡಲೇ ಮೇಲೇಳುವಂತೆ ಮಾಡಿದ. ಕೇಳುವವನಿಗೆ ಗಿಟಾರ್ ತಗ್ಗಿದ್ದು ಗೊತ್ತೇ ಆಗುವುದಿಲ್ಲ. ಮೂರನೆಯವನು ರಿವರ್ಬ್, ಅಂದರೆ ದೊಡ್ಡ ಹಾಲಿನ ಮಾರ್ದನಿ. ಬಯಲಿನಲ್ಲಿ ಗೋಡೆಯೇ ಇಲ್ಲ, ಮಾರ್ದನಿ ಎಲ್ಲಿಂದ? ಚಂಡೆಯ ಮೇಲಿದ್ದ ರಿವರ್ಬ್ ಕಿತ್ತು ಹಾಕಿದ.

ಇನ್ನೊಂದು ಗುಟ್ಟು. ಚಂಡೆಗೆ ಎರಡು ಮೈಕ್ ಇಟ್ಟಿದ್ದರು, ಒಂದು ಹತ್ತಿರ, ಒಂದು 30 ಸೆಂಟಿಮೀಟರ್ ಹಿಂದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆದ್ದರಿಂದ ಹಿಂದಿನ ಮೈಕಿಗೆ ಸುಮಾರು 0.9 ಮಿಲಿಸೆಕೆಂಡ್ ತಡ. ಅಷ್ಟು ಸಣ್ಣ ವ್ಯತ್ಯಾಸಕ್ಕೇ ಎರಡು ಟ್ರ್ಯಾಕುಗಳು ಒಂದನ್ನೊಂದು ತಿಂದು ಹಾಕುತ್ತವೆ. ಎರಡನ್ನೂ ಸರಿಸಿ ಒಂದೇ ಗೆರೆಗೆ ತಂದದ್ದೇ ತಡ, ಚಂಡೆಗೆ ಮೈ ತುಂಬಿತು!

ಹಿರಿಯರು ಮತ್ತೆ ಕೇಳಿದರು. “ಹಾಂ, ಈಗ ನಂದೇ ಕೈ” ಅಂದರು.

ಮೊಬೈಲಿನಲ್ಲಿ ಏನಾಗುತ್ತದೆ?

ನಮ್ಮಲ್ಲಿ ಮುಕ್ಕಾಲುಪಾಲು ಹುಡುಗರು ಹಾಡು ಕೇಳುವುದು ಮೊಬೈಲಿನಲ್ಲಿ. ಅದರ ಪುಟಾಣಿ ಸ್ಪೀಕರಿನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದು ಬಹುಪಾಲು ಮಾಯ. ಗುಮಟೆಯ ‘ಗುಂ’ ಅಲ್ಲಿಗೆ ಗೋವಿಂದ! ಅದಕ್ಕೇ ಗುಮಟೆಗೆ ಸ್ವಲ್ಪ ಒರಟುತನ ಬೆರೆಸುತ್ತಾರೆ. ಆಗ ಮೇಲಿನ ಕಂಪನಗಳು ಹುಟ್ಟುತ್ತವೆ, ಅದನ್ನು ಕೇಳಿ ನಮ್ಮ ಕಿವಿ ಕೆಳಗಿನದನ್ನೂ ಊಹಿಸಿಕೊಳ್ಳುತ್ತದೆ.

‘ನಮ್ಮ ಹಾಡೇ ಜೋರಾಗಿ ಕೇಳಬೇಕು’ ಎಂಬ ಹಠವೂ ನಿರ್ಮಾಪಕರಿಗೆ ಇರುತ್ತದೆ. ಅದಕ್ಕೆ ಕೊನೆಯಲ್ಲಿ ಇಡೀ ಹಾಡನ್ನು ಹಿಂಡಿ ಹಿಪ್ಪೆ ಮಾಡಿಸುತ್ತಾರೆ. ಮಜಾ ಏನೆಂದರೆ, ಯೂಟ್ಯೂಬ್, ಸ್ಪಾಟಿಫೈನವರು ಜೋರಾದ ಹಾಡನ್ನು ತಾವೇ ಸುಮಾರು ಮೈನಸ್ 14 ಎಂಬ ಮಟ್ಟಕ್ಕೆ ಇಳಿಸಿಬಿಡುತ್ತಾರೆ! ಜೋರೂ ಉಳಿಯಲಿಲ್ಲ, ಚಂಡೆಯ ಪೆಟ್ಟೂ ಉಳಿಯಲಿಲ್ಲ.

ಬೆರಕೆ ಹೊಸದೇನಲ್ಲ

ಯಕ್ಷಗಾನಕ್ಕೆ ಗಿಟಾರ್ ಸೇರಿಸಿದರೆ ಪರಂಪರೆ ಕೆಡುತ್ತದೆ ಎನ್ನುವವರಿದ್ದಾರೆ. ಅವರಿಗೊಂದು ಮಾತು. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲು ಮಾತ್ರವಲ್ಲ, ಸ್ಯಾಕ್ಸೋಫೋನನ್ನೂ ತಂದವರು! ಆಗಲೂ ಗಲಾಟೆ ಆಗಿತ್ತು. ಸಾಲಿಗ್ರಾಮದ ಪಕ್ಕದ ಗುಂಡ್ಮಿಯ ಕಾಳಿಂಗ ನಾವಡರು ಭಾಗವತಿಕೆಗೆ ಹೊಸ ರಾಗ, ಹೊಸ ಹುರುಪು ತಂದಾಗಲೂ ಮೂಗು ಮುರಿದವರಿದ್ದರು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32ರ ಆಸುಪಾಸು. ಇವತ್ತಿಗೂ ಅವರ ಧ್ವನಿಗೆ ತಲೆದೂಗದ ಊರಿಲ್ಲ. ಘಟ್ಟದ ಮೇಲೆ ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಕ್ಕೆ ರಾಕ್ ಹಾಕಿದಾಗ ಕಾಲೇಜು ಹುಡುಗರೆಲ್ಲ ಶರೀಫರ ಹಾಡು ಗುನುಗಿದರು.

ಆದರೆ ಬೆರಕೆಯಲ್ಲಿ ತಕರಾರೂ ಇದೆ. ‘ಕಾಂತಾರ’ದ ‘ವರಾಹ ರೂಪಂ’ ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ 2022ರಲ್ಲಿ ಕೋರ್ಟಿಗೆ ಹೋಯಿತು. ರಾಗಗಳು ಒಂದೇ ಆದ್ದರಿಂದ ಹೋಲಿಕೆ ಬಂದಿದೆ, ನಕಲಲ್ಲ ಎಂದಿತು ಚಿತ್ರತಂಡ. ಆ ನವೆಂಬರ್ 24ರಂದು ಚಿತ್ರ ಓಟಿಟಿಗೆ ಬಂದಾಗ ಅಭಿಮಾನಿಗಳು ಕೇಳಿದ್ದು ಬೇರೆಯೇ ಸಂಗೀತ! ಮೂಲ ಹಾಡು ಮರಳಿದ್ದು ಆಮೇಲೆ.

ಆ ಜಗಳ ದೊಡ್ಡವರದ್ದು, ವಕೀಲರಿದ್ದರು. ಚಂಡೆಯವರ ಪರ ಯಾರಿದ್ದಾರೆ? ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಾಡಿದವರಿಗೆ ಮಾತ್ರವಲ್ಲ ನುಡಿಸಿದವರಿಗೂ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕಿದೆ. ಹಕ್ಕಿದ್ದರೂ ಕೇಳುವವರಿಲ್ಲ. ಒಂದು ದಿನದ ಸಂಬಳ ಕೊಟ್ಟು, ಬಸ್ ಚಾರ್ಜ್ ಕೊಟ್ಟು ಕಳಿಸಿದರೆ ಆಯಿತು! ಈ ಹುಡುಗನ ಹಾಡಿನ ಕಡತದಲ್ಲಿ ಚಂಡೆ, ಗುಮಟೆ, ಮದ್ದಲೆ ನುಡಿಸಿದ ಮೂವರ ಹೆಸರನ್ನೂ ಬರೆದಿಟ್ಟದ್ದನ್ನು ನಾನೇ ನೋಡಿದೆ. ಗಿಟಾರಿನವನ ಹೆಸರು ಅವರ ಕೆಳಗಿದೆ.

ಚಿತ್ರರಸಿಕರೇ, ಮುಂದಿನ ಸಲ ಇಂಥ ಹಾಡು ಬಂದಾಗ ಎರಡು ಕೆಲಸ ಮಾಡಿ. ಇಯರ್‌ಫೋನ್ ಹಾಕಿಕೊಂಡು, ಗಿಟಾರ್ ಅಬ್ಬರಿಸುವಾಗ ಚಂಡೆಯ ಮೊದಲ ಪೆಟ್ಟು ಸ್ಪಷ್ಟವಾಗಿ ಕೇಳುತ್ತದೋ ನೋಡಿ. ಆಮೇಲೆ ಯೂಟ್ಯೂಬಿನಲ್ಲಿ ಹಾಡಿನ ಕೆಳಗಿರುವ ವಿವರ ಬಿಡಿಸಿ, ಚಂಡೆ ಬಾರಿಸಿದವರ ಹೆಸರು ಹುಡುಕಿ. ಸಿಗದಿದ್ದರೆ, ‘ಚಂಡೆ ಯಾರದ್ದು ಮಾರಾಯ್ರೆ?’ ಎಂದು ಅಲ್ಲೇ ಬರೆದು ಕೇಳಿ. ಹೀರೋ ಕಟೌಟಿಗೆ ಹಾಲು ಸುರಿಯುವಷ್ಟು ಖರ್ಚಂತೂ ಆಗುವುದಿಲ್ಲ!