ಓದಿನ ಮನೆಗೆ ಆಟದ ಬಾಗಿಲು: ಚಿಣ್ಣರ ಓದಿಗೆ ನಾಟಕ ನೆರವಾಗುವ ಬಗೆ

ಅಕ್ಷರ ಬಲ್ಲ ಮಕ್ಕಳೆಲ್ಲರೂ ಓದುವ ಮಕ್ಕಳಲ್ಲ. ಈ ವ್ಯತ್ಯಾಸ ನಮ್ಮ ಶಾಲೆಗಳಿಗೂ ಪಾಲಕರಿಗೂ ತಿಳಿಯದ ಸಂಗತಿಯೇನಲ್ಲ. ಆದರೂ ಮೂರನೇ ತರಗತಿಯ ಮಗು ಪುಸ್ತಕ ಕಂಡರೆ ಮುಖ ತಿರುಗಿಸುವಾಗ ಮೊದಲು ಬರುವುದು ಬೈಗುಳ, ಆನಂತರ ಮನೆಪಾಠ.

‘ಅಸರ್’ ಸಮೀಕ್ಷೆಯ ಅಂಕಿ-ಅಂಶ ಚಿಂತೆಗೆ ಹಚ್ಚುವಂತಿದೆ. ದೇಶದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಶೇ 27.3ರಷ್ಟಿತ್ತು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ ಬಳಿಕ, 2022ರಲ್ಲಿ ಅದು ಶೇ 20.5ಕ್ಕೆ ಕುಸಿಯಿತು. 2024ರಲ್ಲಿ ಶೇ 27.1ಕ್ಕೆ ಏರಿದೆ. ಚೇತರಿಕೆಯೇನೋ ನಿಜ, ಆದರೆ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಹೊರಗೇ ಉಳಿದಿದ್ದಾರೆ.

ಕನ್ನಡದ ಮಗುವಿಗೆ ಲಿಪಿಯ ಭಾರವೂ ಇದೆ. ವರ್ಣಮಾಲೆ ಮುಗಿಯುವಷ್ಟರಲ್ಲಿ ಕಾಗುಣಿತ, ಅದರ ಹಿಂದೆಯೇ ಒತ್ತಕ್ಷರ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗು ವಾಕ್ಯದ ಕೊನೆ ತಲುಪುವ ಹೊತ್ತಿಗೆ ಮೊದಲ ಪದವನ್ನು ಮರೆತಿರುತ್ತದೆ. ಅರ್ಥ ಕೈಗೆ ಸಿಗದ ಮೇಲೆ ರುಚಿ ಹುಟ್ಟುವುದಾದರೂ ಹೇಗೆ? ನಾಟಕ ಮತ್ತು ಆಟ ನೆರವಿಗೆ ಬರುವುದು ಇಲ್ಲಿಯೇ. ಕಥೆಯನ್ನು ಮೊದಲು ಕೇಳಿ, ಮೈಯಲ್ಲಿ ಆಡಿ ನೋಡಿದ ಮಗುವಿಗೆ ಪುಟದ ಮೇಲಿನ ಸಾಲು ಅಪರಿಚಿತವಾಗಿರುವುದಿಲ್ಲ. ಮುಂದೇನು ಬರಲಿದೆಯೆಂಬ ಊಹೆ ಅದಕ್ಕಿರುತ್ತದೆ. ಕಣ್ಣು ಆ ಊಹೆಯನ್ನು ಹಿಂಬಾಲಿಸುತ್ತದೆ.

ಇದು ಹೊಸ ಶೋಧನೆಯಲ್ಲ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ತಮ್ಮ ‘ದಿವಾಸ್ವಪ್ನ’ ಕೃತಿಯಲ್ಲಿ ಲಕ್ಷ್ಮೀರಾಂ ಎಂಬ ಕಾಲ್ಪನಿಕ ಶಿಕ್ಷಕನ ಪ್ರಯೋಗವನ್ನು ಬಣ್ಣಿಸಿದ್ದಾರೆ. ನಾಲ್ಕನೇ ತರಗತಿಗೆ ಬಂದ ಆತನ ಮೊದಲ ದಿನ ಗದ್ದಲದಲ್ಲಿಯೇ ಮುಗಿಯುತ್ತದೆ. ಮರುದಿನ ಆತ ಪಾಠದ ಬದಲು ಕಥೆ ಹೇಳತೊಡಗುತ್ತಾನೆ. ತರಗತಿ ತಾನಾಗಿ ಸದ್ದಡಗುತ್ತದೆ. ಬಳಿಕ ಪಠ್ಯಪುಸ್ತಕಕ್ಕೆ ಮೀಸಲಾದ ಹಣದಲ್ಲಿ ಕಥೆ ಪುಸ್ತಕಗಳು ಬರುತ್ತವೆ, ತರಗತಿಯಲ್ಲೇ ಗ್ರಂಥಾಲಯ ಹುಟ್ಟುತ್ತದೆ. ಕೇಳಿದ ಕಥೆಗಳನ್ನು ಮಕ್ಕಳು ಬಾಯಿಪಾಠವಿಲ್ಲದೆ ಆಡುತ್ತಾರೆ. ಕಥೆ, ಆಟ, ಪುಸ್ತಕ ಮೂರೂ ಒಂದರ ಪಕ್ಕ ಒಂದಿದ್ದವು ಎಂಬುದೇ ಈ ಪ್ರಯೋಗದ ಗುಟ್ಟು.

ಇದರ ಎದುರು ಬದಿಯನ್ನು ರವೀಂದ್ರನಾಥ ಠಾಕೂರರ ಗಿಳಿಯ ಕಥೆ ತೋರಿಸುತ್ತದೆ. ಹಾಡಿಕೊಂಡು ಹಾರಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಲು ರಾಜಾಜ್ಞೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಗ್ರಂಥಗಳ ರಾಶಿ ಬೀಳುತ್ತದೆ, ಕೊಕ್ಕಿನೊಳಗೆ ಕಾಗದ ತುರುಕಲಾಗುತ್ತದೆ. ಕೊನೆಗೆ ಸತ್ತ ಗಿಳಿಯ ಹೊಟ್ಟೆಯಲ್ಲಿ ಕಾಗದದ ಸರಪರ ಸದ್ದು. ಈ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ಯಾಗಿ ಕನ್ನಡದ ಮಕ್ಕಳ ರಂಗಭೂಮಿಗೆ ತಂದರು. ಮಕ್ಕಳು ನಗುತ್ತಾ ನೋಡುವ ಈ ನಾಟಕವನ್ನು ವಾಸ್ತವವಾಗಿ ನೋಡಬೇಕಾದವರು ದೊಡ್ಡವರು.

ತರಗತಿಯಲ್ಲಿ ಇದನ್ನು ಅಳವಡಿಸುವುದು ಹೇಗೆ? ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ತೆಗೆದುಕೊಳ್ಳಬಹುದು. ಬ್ರೌನಿಂಗ್ ಕವಿಯ ಕಥನಗೀತೆಯನ್ನು ಆಧರಿಸಿದ ಈ ಪದ್ಯದಲ್ಲಿ ಇಲಿಗಳಿವೆ, ಗೌಡನಿದ್ದಾನೆ, ಜೋಗಿಯಿದ್ದಾನೆ. ಮೊದಲು ಶಿಕ್ಷಕರು ಗಟ್ಟಿಯಾಗಿ ಓದಬೇಕು. ಅರ್ಧ ತರಗತಿ ಇಲಿಗಳಾಗಲಿ, ಉಳಿದರ್ಧ ಊರ ಜನರಾಗಲಿ. ಜೋಗಿ ಕೂಲಿ ಕೇಳುವ ಘಟ್ಟದಲ್ಲಿ ಆಟ ನಿಲ್ಲಿಸಿ, ‘ಗೌಡ ಕೊಡುವನೇ, ಕೊಡನೇ?’ ಎಂದು ಪ್ರಶ್ನಿಸಬೇಕು. ವಾದ ಹುಟ್ಟುತ್ತದೆ. ಉತ್ತರ ಪುಸ್ತಕದಲ್ಲಿದೆ ಎಂದಷ್ಟೇ ಹೇಳಿ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ನಾಟಕ ನಾಟಕವಾಗಿಯೇ ಉಳಿಯುತ್ತದೆ, ಓದು ಆಗುವುದಿಲ್ಲ. ಬಹುಪಾಲು ಶಾಲೆಗಳು ಎಡವುವುದು ಇಲ್ಲಿಯೇ ಎನ್ನಬೇಕು.

ಮತ್ತೊಂದು ವಿಧಾನ ವಾಚನ ರಂಗ. ಇಲ್ಲಿ ವೇಷವಿಲ್ಲ, ಪರದೆಯಿಲ್ಲ, ಬಾಯಿಪಾಠವೂ ಇಲ್ಲ. ಮಕ್ಕಳು ಮಾತುಗಳನ್ನು ಹಂಚಿಕೊಂಡು, ಹಾಳೆ ನೋಡಿಕೊಂಡೇ ಅಭಿನಯದ ದನಿಯಲ್ಲಿ ಓದುತ್ತಾರೆ. ಸರಾಗ ಓದಿಗೆ ಒಂದೇ ಪಠ್ಯವನ್ನು ಹಲವು ಬಾರಿ ಓದುವುದು ಅಗತ್ಯ. ‘ಇನ್ನೊಮ್ಮೆ ಓದು’ ಎಂದರೆ ಅದು ಮಗುವಿಗೆ ಶಿಕ್ಷೆ. ‘ಹುಲಿಯ ದನಿ ಇನ್ನೂ ಗಡುಸಾಗಲಿ’ ಎಂದರೆ ಅದೇ ಪುನರಾವರ್ತನೆ ತಾಲೀಮು. ತಡವರಿಸಿ ಓದುವ ಮಗುವಿಗೆ ಇದರಿಂದ ದೊಡ್ಡ ಉಪಕಾರವಿದೆ. ಒಬ್ಬಂಟಿಯಾಗಿ ಎದ್ದು ನಿಂತು ಓದಿ ನಗೆಪಾಟಲಿಗೀಡಾದ ಮಗು ಆಮೇಲೆ ಬಾಯಿ ತೆರೆಯಲು ಹೆದರುತ್ತದೆ. ಮೇಳದಲ್ಲಿ ಅದರ ತೊದಲು ಅಡಗುತ್ತದೆ; ಎರಡು ಸಾಲಿನ ಪಾತ್ರವಾದರೂ ಅದು ತನ್ನದೆನಿಸುತ್ತದೆ.

ಶಾಲಾ ವಾರ್ಷಿಕೋತ್ಸವದ ನಾಟಕವನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಚೂಟಿಯಾದ ನಾಲ್ಕು ಮಕ್ಕಳಿಗೆ ಮುಖ್ಯ ಪಾತ್ರ, ಉಳಿದವರಿಗೆ ಮರದ ವೇಷ. ಬಾಡಿಗೆ ಪೋಷಾಕು, ಧ್ವನಿಮುದ್ರಿತ ಸಂಭಾಷಣೆಗೆ ತುಟಿಯಾಡಿಕೆ. ಪಾಲಕರ ಮೊಬೈಲಿಗೆ ಚಿತ್ರಗಳು ಸಿಗುತ್ತವೆ, ಅಷ್ಟೇ.

ಮನೆಯಲ್ಲಿ ಖರ್ಚೇ ಬೇಡ. ಹಳೆಯ ಕಾಲುಚೀಲವೊಂದು ಗೊಂಬೆಯಾಗಬಲ್ಲದು. ಅಜ್ಜಿ ಕಥೆ ಓದುತ್ತಾ ನರಿಗೊಂದು ದನಿ, ಕಾಗೆಗೊಂದು ದನಿ ಕೊಟ್ಟರೆ ಸಾಕು, ಮರುದಿನ ಮಗು ಅದೇ ಪುಸ್ತಕ ಹಿಡಿದು ತಾನೇ ನರಿಯಾಗುತ್ತದೆ. ಓದಿ ಮುಗಿಸಿದ ಕೂಡಲೇ ‘ಕಥೆಯ ನೀತಿಯೇನು?’ ಎಂದು ಕೇಳುವ ಚಟವನ್ನು ಮಾತ್ರ ಬಿಡುವುದು ಲೇಸು.

ಈ ಕೆಲಸಕ್ಕೆ ಬೇಕಾದ ಸಾಮಗ್ರಿಗೆ ಕನ್ನಡದಲ್ಲಿ ಕೊರತೆಯಿಲ್ಲ. ವೈದೇಹಿ ಅವರ ‘ಧಾಂ ಧೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’ ಮುಂತಾದವು ಆಡಲಿಕ್ಕೂ ಸೊಗಸು, ಓದಲಿಕ್ಕೂ ಸೊಗಸು. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ದಂತಹ ಬೇಸಿಗೆ ಶಿಬಿರಗಳು ಮಕ್ಕಳಿಗೆ ರಂಗದ ರುಚಿ ಹತ್ತಿಸಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಹಾಡು-ಆಟಗಳಿಗೆ ಸರ್ಕಾರಿ ಶಾಲೆಯ ಕೊಠಡಿಯಲ್ಲೇ ಜಾಗ ಕೊಟ್ಟಿತು.

ಶಿಬಿರಗಳು ಬೇಸಿಗೆಗೆ ಮುಗಿಯುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ವರ್ಷವಿಡೀ ಇರುತ್ತವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಲು ಕ್ರಮ ಕೈಗೊಳ್ಳಲಾಯಿತು. ವಾರಕ್ಕೊಂದು ಸಂಜೆ ಅಲ್ಲಿನ ಮೇಜು-ಕುರ್ಚಿಗಳನ್ನು ಬದಿಗೆ ಸರಿಸಿದರೆ ಹತ್ತು ಮಕ್ಕಳು ಕುಣಿಯುವಷ್ಟು ಜಾಗವಾಗುತ್ತದೆ. ಆ ಸಂಜೆ ಕಪಾಟಿನ ಬೀಗವನ್ನೂ ತೆರೆದಿಡಬೇಕು.