ಸೂಜಿ ಆಯ್ತು, ಮುಂದೇನು?

ಇಳಕಲ್ ಅಂದರೆ ಸೀರೆ. ಸೀರೆ ಅಂದರೆ ಮಗ್ಗ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವೆಲ್ಲ ಬಗ್ಗಿ ನೇಯಬೇಕು. ಕಂಡಿಕೆ ಸುತ್ತುವವರು ನೆಲದ ಮೇಲೆ ಕೂತು ರಾಟಿ ತಿರುವಬೇಕು. ಹುನಗುಂದ, ಬಾದಾಮಿ ಕಡೆ ಹೊಲದಲ್ಲಿ ಬಗ್ಗಿ ಕಳೆ ತೆಗೆಯಬೇಕು. ಮನೆಗೆ ಬಂದರೆ ನೀರಿನ ಕೊಡ ಕಾದಿರುತ್ತದೆ. ಇಷ್ಟೆಲ್ಲ ಭಾರ ತಾಳುವುದು ಒಂದೇ ನಡ.

ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾಳೆ. ಕಂಡಿಕೆ ಸುತ್ತುತ್ತಾಳೆ. ಒಂದು ದಿನ ಕೊಡ ಎತ್ತುವಾಗ ನಡದಲ್ಲಿ ಛಳಕ್ ಅಂತು. ನೋವು ಪಿರ್ರೆಯಿಂದ ಮೀನಖಂಡಕ್ಕೆ ಇಳಿಯಿತು. ಅಲ್ಲಿಂದ ಪಾದಕ್ಕೆ ಹರಿಯಿತು. ಎರಡು ತಿಂಗಳು ಗುಳಿಗೆ ನುಂಗಿದಳು. ಕಡಿಮೆ ಆಗಲಿಲ್ಲ. ಬಾಗಲಕೋಟೆಗೆ ಹೋದಳು. ಡಾಕ್ಟರು ಸ್ಕ್ಯಾನ್ ಮಾಡಿಸಿ ನಡಕ್ಕೆ ಇಂಜೆಕ್ಷನ್ ಕೊಟ್ಟರು. ಅದೇ ದಿನ ಮನೆಗೆ ಕಳಿಸಿದರು.

ನಾಲ್ಕನೆಯ ದಿನ ನೋವು ಇಳಿಯಿತು. "ಟೀಚರ್, ನಾ ಪೂರಾ ಆರಾಮ ಆದೆ ನೋಡ್ರಿ" ಅಂದಳು. ಐದನೆಯ ದಿನ ತುಂಬಿದ ಕೊಡ ಎತ್ತಿದಳು. ಆ ರಾತ್ರಿಯೇ ನೋವು ತಿರುಗಿ ಬಂತು.

ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟಿದ್ದರು. ಏನು ಮಾಡಬೇಕು, ಏನು ಮಾಡಬಾರದು ಅಂತ ಅದರಲ್ಲಿ ಕನ್ನಡದಲ್ಲೇ ಬರೆದಿತ್ತು. ಚೀಟಿ ದೇವರ ಜಗಲಿ ಮೇಲೆ ಇತ್ತು. ಮನೆಯಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ.

ಅಕ್ಕಂದಿರೆ, ಅಂಥ ಚೀಟಿಯಲ್ಲಿ ಏನಿರುತ್ತದೆ? ಬನ್ನಿ, ಓದೋಣ.

ಡಿಸ್ಕ್ ಅಂದರೇನು?

ನಮ್ಮ ಬೆನ್ನಿನಲ್ಲಿ ಎಲುಬುಗಳು ಒಂದರ ಮೇಲೆ ಒಂದು ಕೂತಿವೆ. ಎರಡು ಎಲುಬುಗಳ ನಡುವೆ ಒಂದು ಸಣ್ಣ ಗಾದಿ ಇದೆ. ಅದೇ ಡಿಸ್ಕ್. ಅದರ ಹೊರಗಿನ ಪದರ ಗಟ್ಟಿ. ಒಳಗಿನ ತಿರುಳು ಮೆತ್ತಗೆ. ಹೊರಗಿನ ಪದರ ಸವೆದರೆ ಅಥವಾ ಸೀಳಿದರೆ ತಿರುಳು ಹೊರಗೆ ಉಬ್ಬುತ್ತದೆ. ಪಕ್ಕದಲ್ಲಿ ಕಾಲಿಗೆ ಹೋಗುವ ನರ ಇದೆ. ಅದನ್ನು ಒತ್ತುತ್ತದೆ. ನರ ಬಾತುಕೊಳ್ಳುತ್ತದೆ. ಹೀಗಾಗಿ ಪೆಟ್ಟು ನಡಕ್ಕೆ, ನೋವು ಕಾಲಿಗೆ.

ಸೂಜಿ ಏನು ಮಾಡುತ್ತದೆ?

ಈ ಸೂಜಿ ಹೊಸದೇನಲ್ಲ. 1901ರಲ್ಲೇ ಫ್ರಾನ್ಸ್ ದೇಶದ ವೈದ್ಯರು ಬೆನ್ನಿನ ಕೆಳಭಾಗದಲ್ಲಿ ನರಗಳ ಸುತ್ತ ಔಷಧಿ ಹಾಕಿ ನೋಡಿದ್ದರು. 1950ರ ದಶಕದಿಂದ ಸ್ಟಿರಾಯ್ಡ್ ಔಷಧಿ ಹಾಕುವುದು ಶುರುವಾಯಿತು.

ಸಾಮಾನ್ಯವಾಗಿ ಈ ಔಷಧಿಯನ್ನು ಡಿಸ್ಕಿನ ಒಳಗೆ ಹಾಕುವುದಿಲ್ಲ. ನರದ ಸುತ್ತಲಿನ ಜಾಗದಲ್ಲಿ ಹಾಕುತ್ತಾರೆ. ಅದು ನರದ ಬಾವು ಇಳಿಸುತ್ತದೆ. ಒಲೆಯ ಉರಿಗೆ ನೀರು ಚಿಮುಕಿಸಿದ ಹಾಗೆ. ಉರಿ ಆರುತ್ತದೆ. ಆದರೆ ಜರುಗಿದ ಒಲೆಯ ಕಲ್ಲು ಜರುಗಿದ ಹಾಗೇ ಇರುತ್ತದೆ.

ಇದೇ ಮುಖ್ಯ ಮಾತು. ನೋವು ಹೋಯಿತು ಅಂದರೆ ಡಿಸ್ಕ್ ವಾಸಿ ಆಯಿತು ಅಂತ ಅಲ್ಲ. ಡಿಸ್ಕ್ ಮಾಯಲು ವಾರಗಳು, ತಿಂಗಳುಗಳು ಬೇಕು. ಸೂಜಿ ಕೊಡುವುದು ನೋವಿಲ್ಲದ ಸ್ವಲ್ಪ ಕಾಲ. ಆ ಕಾಲದಲ್ಲಿ ನಡವನ್ನು ಗಟ್ಟಿ ಮಾಡಿಕೊಳ್ಳಬೇಕು. ಕೆಲವರಿಗೆ ಸೂಜಿಯಿಂದ ಗುಣ ಕಾಣುವುದೂ ಇಲ್ಲ. ಆಗ ಗಾಬರಿ ಬೇಡ. ಡಾಕ್ಟರನ್ನು ಮತ್ತೆ ಕಾಣಿರಿ.

ಮೊದಲ ದಿನ

ಒಬ್ಬರೇ ಮನೆಗೆ ಬರಬೇಡಿ. ಕೆಲವು ತಾಸು ಕಾಲು ಜೋಮು ಹಿಡಿದಂತೆ ಇರಬಹುದು. ಜೊತೆಗೆ ಒಬ್ಬರು ಬೇಕು. ಆ ದಿನ ಗಾಡಿ ಓಡಿಸಬಾರದು. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಅಲ್ಲಿ ಕುಲುಕಾಟ ಹೆಚ್ಚು.

ಸೂಜಿ ಚುಚ್ಚಿದ ಜಾಗ ನೋಯುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿ. ಬಿಸಿ ಶಾಖ ಕೊಡಬೇಡಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ.

ಮೊದಲ ಎರಡು ಮೂರು ದಿನ ನೋವು ಸ್ವಲ್ಪ ಹೆಚ್ಚಾಗಬಹುದು. ಹೆದರಬೇಡಿ. ಔಷಧಿ ಹತ್ತಲು ಎರಡು ದಿನದಿಂದ ಒಂದು ವಾರ ಬೇಕು. ಕೆಲವರಿಗೆ ಇನ್ನೂ ತಡ ಆಗುತ್ತದೆ.

ಮುಂದಿನ ವಾರಗಳು

ಹಾಸಿಗೆ ಹಿಡಿದು ಮಲಗಬೇಡಿ. ಮಲಗಿದಷ್ಟೂ ನಡ ಸೋಲುತ್ತದೆ. ಮರುದಿನದಿಂದ ಓಣಿಯಲ್ಲಿ 5 ನಿಮಿಷ ನಡೆಯಿರಿ. ದಿನಕ್ಕೆ ಮೂರು ನಾಲ್ಕು ಸಲ ನಡೆಯಿರಿ. ತಾಳಿದಷ್ಟು ಹೆಚ್ಚಿಸುತ್ತ ಹೋಗಿರಿ. ವ್ಯಾಯಾಮವನ್ನು ಡಾಕ್ಟರು ಹೇಳಿಕೊಟ್ಟಂತೆ ಮಾಡಿರಿ.

ಏಳುವಾಗ ಪಕ್ಕಕ್ಕೆ ಹೊರಳಿ ಕೈ ಊರಿ ಏಳಿರಿ. ಮಲಗುವಾಗ ಪಕ್ಕಕ್ಕೆ ಮಲಗಿ ಮೊಣಕಾಲ ನಡುವೆ ದಿಂಬು ಇಡಿ.

15 ಲೀಟರಿನ ಕೊಡ ತುಂಬಿದರೆ ನೀರೇ 15 ಕಿಲೊ. ಡಾಕ್ಟರು ಹೇಳುವವರೆಗೆ ಅದನ್ನು ಮುಟ್ಟಬೇಡಿ. ಸಣ್ಣ ಭಾರ ಎತ್ತುವಾಗಲೂ ನಡ ಬಗ್ಗಿಸಬೇಡಿ. ಮೊಣಕಾಲು ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿರಿ. ಎತ್ತಿಕೊಂಡು ನಡ ತಿರುವಬೇಡಿ.

ಮಗ್ಗಕ್ಕೆ ಕೂತರೆ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

"ನೀರು ಯಾರು ತರಬೇಕ್ರಿ?" ಅಂತ ನೀವು ಕೇಳುತ್ತೀರಿ. ಮನೆಯವರೆಲ್ಲ ತರಬೇಕು. ಗಂಡ ತರಲಿ, ಬೆಳೆದ ಮಗ ತರಲಿ. ಕೊಡ ಯಾರು ಹೊತ್ತರೂ ಮನೆಗೇ ನೀರು ಬರುತ್ತದೆ.

ಕಾಲು ಮುಂದಾಗಿ ಹುಟ್ಟಿದವರಿಂದ ನಡ ಒದೆಸಿಕೊಳ್ಳುವ ರೂಢಿ ಇದೆ. ನಡ ಎಳೆಸುವುದು, ಬರೆ ಹಾಕಿಸುವುದು ಇವೆ. ಯಾವುದೂ ಬೇಡ. ನರಕ್ಕೆ ಇನ್ನಷ್ಟು ಪೆಟ್ಟಾಗಬಹುದು.

ಸಕ್ಕರೆ ಕಾಯಿಲೆ ಇದ್ದವರು

ಸ್ಟಿರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಕೆಲವು ದಿನ ಹೀಗೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿರಿ. ಸಕ್ಕರೆ ಗುಳಿಗೆ ಬಿಡಬೇಡಿ. ಆ ದಿನಗಳಲ್ಲಿ ಅಮೀನಗಡದ ಕರದಂಟು ದೂರ ಇರಲಿ.

ಮುಖ ಕೆಂಪಾಗಬಹುದು. ಒಂದೆರಡು ರಾತ್ರಿ ನಿದ್ದೆ ಬಾರದಿರಬಹುದು. ಮುಟ್ಟು ಹಿಂದೆ ಮುಂದೆ ಆಗಬಹುದು. ಇವು ಸಾಮಾನ್ಯವಾಗಿ ತಾವೇ ಸರಿ ಹೋಗುತ್ತವೆ. ಬಸುರಿ ಇದ್ದರೆ, ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದರೆ, ಸೂಜಿಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ಇದರಲ್ಲಿ ನಾಚಿಕೆ ಬೇಡ.

ತಡ ಮಾಡಬಾರದು

ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು:

ಜ್ವರ, ಚಳಿ ಬಂದರೆ.
ಸೂಜಿ ಚುಚ್ಚಿದ ಜಾಗ ಕೆಂಪಾಗಿ ಬಾತರೆ, ಕೀವು ಬಂದರೆ.
ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಕಡಿಮೆ ಆದರೆ.
ಕಾಲಿನ ಶಕ್ತಿ ಹೋದರೆ, ಪಾದ ಎತ್ತಲು ಬಾರದಿದ್ದರೆ.
ಮೂತ್ರ ಕಟ್ಟಿದರೆ, ಅಥವಾ ಗೊತ್ತಾಗದೆ ಹೋದರೆ.
ತೊಡೆಯ ಸಂದು, ಕೂರುವ ಜಾಗ ಸ್ಪರ್ಶ ತಿಳಿಯದಂತೆ ಆದರೆ.

ಕೊನೆಯ ಮೂರು ಬಹಳ ಅಪಾಯದವು. "ನಾಳೆ ನೋಡೋಣು" ಅನ್ನಬೇಡಿ. ಒಂದು ರಾತ್ರಿ ತಡ ಮಾಡಿದರೂ ನರ ಶಾಶ್ವತವಾಗಿ ಕೆಡಬಹುದು. 108ಕ್ಕೆ ಫೋನ್ ಮಾಡಿರಿ. ಆಂಬುಲೆನ್ಸಿಗೆ ಹಣ ಕೊಡಬೇಕಾಗಿಲ್ಲ.

ಆ ಅಕ್ಕ ಈಗ

ಅಕ್ಕ ಮತ್ತೆ ಡಾಕ್ಟರ ಹತ್ತಿರ ಹೋದಳು. ಇನ್ನೊಂದು ಸೂಜಿ ಸದ್ಯ ಬೇಡ ಅಂದರು. ನಡಿಗೆ, ವ್ಯಾಯಾಮ ಹೇಳಿಕೊಟ್ಟರು. ಮಗ ನೀರು ತರತೊಡಗಿದ. ಮೂರು ತಿಂಗಳಲ್ಲಿ ಕಾಲು ನೋವು ಬಹಳ ಇಳಿಯಿತು.

ಅದೇ ದಿನಗಳಲ್ಲಿ ಅವಳು ನಮ್ಮ ಕಲಿಕೆ ಕೇಂದ್ರಕ್ಕೂ ಬಂದಳು. ಒಂದು ಸಂಜೆ ಆ ಹಳೆಯ ಚೀಟಿ ತಂದಳು. ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು: "ಭಾರ ಎತ್ತಬಾರದು." ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಅಂದಳು, "ಇದು ಮನ್ಯಾಗ ಇತ್ರಿ. ನನಗ ಕಾಣಲಿಲ್ಲ."

ಓದಿರಿ, ಮಾತಾಡಿರಿ

1. ಸೂಜಿ ನೋವು ಇಳಿಸುತ್ತದೆಯೋ, ಡಿಸ್ಕ್ ವಾಸಿ ಮಾಡುತ್ತದೆಯೋ?
2. ನಿಮ್ಮ ಮನೆಯಲ್ಲಿ ನೀರು ಯಾರು ತರುತ್ತಾರೆ?
3. ನಿಮ್ಮ ಮನೆಯ ಆಸ್ಪತ್ರೆ ಚೀಟಿಗಳನ್ನು ಮುಂದಿನ ಸಲ ತನ್ನಿರಿ. ಕೂಡಿ ಓದೋಣ.